ಕೋಟೆಗೆ ರಿಲೀವರ್ ಬರಲಿಲ್ಲ

ಆಟ ಆಡುವುದು ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ. ಆಟವನ್ನು ನೌಕರಿ ಮಾಡಿಕೊಳ್ಳುವುದಕ್ಕೆ ಮಾತ್ರ ಅನುಭವ ಬೇಕು. ಆ ಅನುಭವ ನನಗೆ ಧಾರಾಳವಾಗಿತ್ತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಮೂರೂ ಪಾಳಿಗಳಲ್ಲಿ ದುಡಿದು ನಿವೃತ್ತನಾದವನು ನಾನು. ಅಲ್ಲಿ ಸೇರಿದ ದಿನವೇ ಹೇಳಿಕೊಟ್ಟಿದ್ದರು: ಪಾಳಿ ಮುಗಿದರೂ ಸರಿ, ನಿನ್ನ ಜಾಗಕ್ಕೆ ಬರುವ ರಿಲೀವರ್ ಬಂದು ನಿಲ್ಲುವವರೆಗೆ ಮಷೀನು ಬಿಟ್ಟು ಕದಲಬಾರದು. ಇದು ನನಗೆ ಎಷ್ಟು ಮೈಗೂಡಿತ್ತೆಂದರೆ, ಮದುವೆಯಲ್ಲಿ ಹಸೆಮಣೆಯಿಂದ ಏಳುವಾಗಲೂ ಒಮ್ಮೆ ಹಿಂದೆ ತಿರುಗಿ ನೋಡಿದ್ದೆ. ನನ್ನ ಹೆಂಡತಿ ಶೈಲಾ ಅದನ್ನು ಇಂದಿಗೂ ಮರೆತಿಲ್ಲ.

ಪಾಳಿಗಳ ದೆಸೆಯಿಂದ ನಾವಿಬ್ಬರೂ ಒಟ್ಟಿಗೆ ಕೂತು ಸಂಜೆಯ ಚಹಾ ಕುಡಿದದ್ದು ಬೆರಳೆಣಿಕೆಯಷ್ಟು ಸಲ. ನಿವೃತ್ತನಾದ ಮೇಲೆ ಆ ಭಾಗ್ಯ ಬಂತು. ಬಂದ ವಾರದಲ್ಲೇ ಮಾತು ಮುಗಿದುಹೋಯಿತು. ಆಗ ಹಳಿಯಾಳದಲ್ಲಿರುವ ಅವಳ ತಮ್ಮ ಬಸವರಾಜ ನಮ್ಮ ಮೊಬೈಲುಗಳಿಗೆ ಒಂದು ಆಟ ಹಾಕಿಕೊಟ್ಟ. ಹೊಲ ಬಿತ್ತಬೇಕು, ಗೋಡೆ ಕಟ್ಟಬೇಕು, ಬೇರೆ ತಂಡದವರು ದಾಳಿಗೆ ಬಂದರೆ ನಮ್ಮವರೆಲ್ಲ ಸೇರಿ ಕೋಟೆ ಕಾಯಬೇಕು. ನಾವಿಬ್ಬರು, ಬಸವರಾಜ, ಸನವಳ್ಳಿಯಿಂದ ನನ್ನ ತಂಗಿ ಗಿರಿಜಾ, ಹೀಗೆ ನಾಲ್ವರ ತಂಡ. ಗಿರಿಜಾ ಯುದ್ಧದ ನಡುವೆಯೇ ರೊಟ್ಟಿ ಬಡಿಯಲು ಎದ್ದು ಹೋಗುತ್ತಿದ್ದಳು. ಶೈಲಾ ಗೋಡೆ ಕಟ್ಟುವುದನ್ನು ಬಿಟ್ಟು ಕೋಟೆಯ ಸುತ್ತ ಹೂವಿನ ಗಿಡ ನೆಡುತ್ತಿದ್ದಳು. ಕೋಟೆ ದಿನಾ ಬೀಳುತ್ತಿತ್ತು, ನಾವು ದಿನಾ ನಗುತ್ತಿದ್ದೆವು. ನಿಜ ಹೇಳುತ್ತೇನೆ, ಅಷ್ಟು ಸುಖದ ಅರ್ಧ ಗಂಟೆ ನನ್ನ ಸಂಸಾರದಲ್ಲಿ ಅದುವರೆಗೆ ಬಂದಿರಲಿಲ್ಲ.

ಸುಖ ನನ್ನ ಮೈಗೆ ಒಗ್ಗುವುದಿಲ್ಲ. ಇಷ್ಟು ಜನ ಇದ್ದೂ ಕೋಟೆ ಬೀಳುವುದೆಂದರೇನು? ಗೆರೆ ಎಳೆದು ಪಾಳಿಯ ಪಟ್ಟಿ ಮಾಡಿದೆ. ವಾಟ್ಸಾಪ್ ಗುಂಪಿನಲ್ಲಿ ಹಾಜರಿ ಕೂಗತೊಡಗಿದೆ. "ಅಣ್ಣಾ, ಆಕಳ ಹಿಂಡೂದು ಯಾವ ಪಾಳ್ಯಾಗ ಮಾಡ್ಲಿ?" ಎಂದು ಗಿರಿಜಾ ಕೇಳಿದಳು. ಅದು ಕುಚೋದ್ಯವೆಂದು ತಿಳಿಯದೆ, ಬೆಳಗಿನ ಪಾಳಿಯಲ್ಲಿ ಹತ್ತು ನಿಮಿಷ ಬಿಡುವು ಕೊಟ್ಟೆ. ಯಾರೂ ಡ್ಯೂಟಿಗೆ ಬರದಾದಾಗ ಎಲ್ಲರದನ್ನೂ ನಾನೇ ಮಾಡಿದೆ. ಸ್ನಾನಕ್ಕೆ ಮುಂಚೆ ಗೋಧಿ ಕೊಯ್ಲು, ಊಟದ ನಡುವೆ ಕಟ್ಟಿಗೆ ಸಾಗಣೆ. ನೆಟ್‌ವರ್ಕ್ ಸಿಗುವುದಿಲ್ಲವೆಂಬ ಕಾರಣಕ್ಕೆ ಸೂಪಾ ಅಣೆಕಟ್ಟಿನ ಕಡೆ ಸುತ್ತಾಡಲು ಹೋಗುವ ಕಾರ್ಯಕ್ರಮವನ್ನೇ ರದ್ದು ಮಾಡಿದೆ. ಕೊನೆಗೆ ಶೈಲಾಳ ಹೂವಿನ ಗಿಡಗಳನ್ನೆಲ್ಲ ಕಿತ್ತು ಆ ಜಾಗದಲ್ಲಿ ಕಾವಲು ಗೋಪುರ ನಿಲ್ಲಿಸಿದೆ. ಅವಳು ತನ್ನ ಮೊಬೈಲನ್ನು ಮಗುಚಿಟ್ಟು ಒಳಗೆ ಹೋದಳು. ನಮ್ಮ ಮನೆಯಲ್ಲಿ ಅದು ಜಗಳಕ್ಕಿಂತ ಕೆಟ್ಟ ಲಕ್ಷಣ.

ಅಷ್ಟರಲ್ಲಿ ಬಸವರಾಜನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಶೈಲಾ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು.

"ಏಳ್ರಿ, ಬಸ್ಸು ಬರೂ ಹೊತ್ತಾತು."

"ನನ್ನ ರಿಲೀವರ್ ಇನ್ನೂ ಬಂದಿಲ್ಲ. ಅಂವ ಬಂದ ಕೂಡ್ಲೆ ಮುಂದಿನ ಬಸ್ಸಿಗೆ ಬರ್ತೇನಿ," ಎಂದೆ, ತಲೆ ಎತ್ತದೆ.

"ಈಗ ಯಾರ ಪಾಳಿ?"

ಪಟ್ಟಿ ನೋಡಿ ಹೇಳಿದೆ: "ಬಸವರಾಜಂದು."

ಅವಳು ಚಪ್ಪಲಿ ಮೆಟ್ಟಿಕೊಂಡಳು. "ಕೂಸಿನ ಅಜ್ಜ ತೊಟ್ಟಿಲಾ ಬಿಟ್ಟು ನಿಮ್ಮ ಕೋಟೆ ಕಾಯಾಕ ಬರ್ತಾನೇನ್ರಿ?" ಎಂದವಳೇ ಒಬ್ಬಳೇ ಹೊರಟುಹೋದಳು.

ಆಗಲಾದರೂ ಎದ್ದೆನೇ? ಇಲ್ಲ. ಬಸವರಾಜನಿಗೆ ಫೋನ್ ಮಾಡಿದೆ. ಐದನೇ ಸಲ ಎತ್ತಿದ. ಹಿಂದೆ ಹೆಂಗಸರ ಜೋಗುಳ ಕೇಳುತ್ತಿತ್ತು.

"ಮಾಮಾ, ಎಲ್ಲಿ ಅದೀರಿ? ಎಲಿ ಹಾಕೇವಿ, ಹೋಳಿಗಿ ಆರಾಕತ್ತಾವು."

"ಕೋಟೆಯೊಳಗ ಅದೇನಿ," ಎಂದೆ.

ಜೋಗುಳ ನಿಂತಿತು. ಅವನ ಫೋನು ಸ್ಪೀಕರಿನಲ್ಲಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ ಎದ್ದ ನಗೆಯಿಂದ.

ಆ ದಿನವೆಲ್ಲ ಕೋಟೆಯ ಮೇಲೆ ಯಾರೂ ದಾಳಿಗೆ ಬರಲಿಲ್ಲ. ಎದುರು ತಂಡದವರಿಗೂ ಮನೆ, ಮಂದಿ ಇದ್ದರೆಂದು ಕಾಣುತ್ತದೆ. ಕೂಸಿಗೆ ಇಟ್ಟ ಹೆಸರು ನನಗೆ ತಿಳಿದದ್ದು ಮರುದಿನ, ಅದೂ ಪಕ್ಕದ ಮನೆಯವರಿಗೆ ಶೈಲಾ ಹೇಳುತ್ತಿದ್ದಾಗ. ಬಹಳ ನಾಚಿಕೆಯಾಯಿತು.

ಸಂಜೆ ನೋಡಿದರೆ ತಂಡದಲ್ಲಿ ನಾನೊಬ್ಬನೇ ಉಳಿದಿದ್ದೆ. ಶೈಲಾ ಉಳಿದಿಬ್ಬರನ್ನು ಕಟ್ಟಿಕೊಂಡು ಹೊಸ ಕೋಟೆ ಹೂಡಿದ್ದಳು. ಅದಕ್ಕೆ ಗೋಡೆಯೇ ಇಲ್ಲ, ಸುತ್ತ ಬರೀ ಹೂವು. ಅವಳು ಚಹಾ ಹೀರುತ್ತ ಒಬ್ಬಳೇ ನಗುತ್ತಿದ್ದಳು. ಅದೇ ಕೋಣೆಯಲ್ಲಿ ನಾನು ನನ್ನ ಗೋಪುರದ ಪಕ್ಕ ಚಹಾ ಕುಡಿದೆ. ಮೂರು ದಿನ ತಡೆದೆ. ನಾಲ್ಕನೇ ದಿನ ಕೇಳಿಯೇಬಿಟ್ಟೆ: "ನನ್ನೂ ಸೇರಿಸ್ಕೋತೀಯೇನು?"

"ಕಾಯಂ ಜಾಗಾ ಖಾಲಿ ಇಲ್ರಿ," ಎಂದಳು ಕಾರ್ಖಾನೆಯವನ ಹೆಂಡತಿ. "ಬದಲಿ ಕೆಲಸಕ್ಕ ತಗೋತೇವಿ. ಕರದಾಗ ಬರ್ರಿ, ಹೂವಿಗೆ ನೀರ ಹಾಕ್ರಿ. ಚಹಾದ ಕಪ್ಪು ಕೆಳಗಿಟ್ರಿ ಅಂದ್ರ ಪಾಳಿ ಮುಗೀತು. ರಿಲೀವರ್ ಗಿಲೀವರ್ ಅನ್ನಂಗಿಲ್ಲ."

ಒಪ್ಪಿಕೊಂಡೆ. ಈಗ ನಮ್ಮ ಕೋಟೆ ಮೊದಲಿನಂತೆ ದಿನಾ ಬೀಳುತ್ತದೆ, ನಾವು ದಿನಾ ನಗುತ್ತೇವೆ. ಕಪ್ಪು ಕೆಳಗಿಟ್ಟ ಮೇಲೆ ನಾನು ಒಂದು ಹನಿ ನೀರನ್ನೂ ಹೆಚ್ಚಿಗೆ ಹಾಕುವುದಿಲ್ಲ. ಚಹಾ ಮಾತ್ರ ಬಹಳ ನಿಧಾನವಾಗಿ ಕುಡಿಯುತ್ತೇನೆ. ಅದು ಆರಿ, ತಣ್ಣಗಾಗಿ, ಕೆನೆ ಕಟ್ಟಿದರೂ ಕಪ್ಪು ಕೈಯಲ್ಲೇ ಇರುತ್ತದೆ. "ಈಗ ನೋಡ್ರಿ, ನಿಮಗ ಸಮಾಧಾನಾ ಅನ್ನೂದು ಬಂತು," ಎಂದು ಶೈಲಾ ನಿನ್ನೆ ಮೆಚ್ಚಿಕೊಂಡಳು. ನಾನು ಓವರ್‌ಟೈಮ್ ಮಾಡುತ್ತಿದ್ದೇನೆಂದು ಅವಳಿಗೆ ಇನ್ನೂ ಹೇಳಿಲ್ಲ.