ಆಯುಧದ ಕೋಣೆಯಲ್ಲಿ ಒಂದು ಪ್ರಶ್ನೆ

ಇಪ್ಪತ್ತೊಂಬತ್ತು ವರ್ಷ ವಸ್ತುಸಂಗ್ರಹಾಲಯದ ಆಯುಧದ ಕೋಣೆ ಕಾದ ಆ ಮನುಷ್ಯನಿಗೆ ಒಂದೇ ಒಂದು ಕೊರಗು. ಒಬ್ಬರೂ ಅವನನ್ನು ಒಂದು ಪ್ರಶ್ನೆ ಕೇಳಿದವರಲ್ಲ! ಜನ ಬರುತ್ತಿದ್ದರು, ಗೋಡೆಗೆ ಸಾಲಾಗಿ ನಿಲ್ಲಿಸಿದ ಈಟಿ, ಭರ್ಜಿ, ಹಾಲ್ಬರ್ಡ್‌ಗಳನ್ನು ನೋಡಿ "ಅಬ್ಬಾ, ಎಷ್ಟುದ್ದ!" ಎನ್ನುತ್ತಿದ್ದರು, ಹೋಗುತ್ತಿದ್ದರು. ಕುರ್ಚಿಯ ಮೇಲೆ ಕೂತ ಇವನೂ ಅವರ ಪಾಲಿಗೆ ಒಂದು ಹಳೇ ಸಾಮಾನು.

ಮತ್ತೆ ಅಷ್ಟು ವಿದ್ಯೆ ಎಲ್ಲಿಗೆ ಹೋಗಬೇಕು? ಮನೆಗೇ ಬರುತ್ತಿತ್ತು. ಆಳೆತ್ತರ ಮೀರಿದ ಕಾವು, ಅದರ ತುದಿಗೆ ಕಡಿಯಲು ಕೊಡಲಿ, ತಿವಿಯಲು ಮೊನೆ, ಕುದುರೆ ಸವಾರನನ್ನು ಕೆಳಗೆಳೆಯಲು ಕೊಕ್ಕೆ. ಇದೇ ಹಾಲ್ಬರ್ಡ್ ಎಂಬ ತ್ರಿವಿಧ ಸಂಹಾರ ಸಾಧನ ಎಂದು ಪ್ರತಿ ಸಂಜೆ ಹೆಂಡತಿಗೆ ಪ್ರವಚನ. (ಪ್ರಾತ್ಯಕ್ಷಿಕೆಗೆ ಕಸಬರಿಗೆ.) ಆಕೆ ಒಲೆ ಕಡೆ ಮುಖ ಮಾಡಿ "ಹೂಂ, ಹೂಂ" ಎನ್ನುತ್ತಿದ್ದಳು. ಹಾಲ್ಬರ್ಡಿಗೆ ಅವಳಿಟ್ಟ ಹೆಸರು ‘ನನ್ನ ಸವತಿ’.

ನಿವೃತ್ತಿಯ ದಿನ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಕೇಳಿದ, "ಒಬ್ಬರಾದ್ರೂ ಕೇಳಬಾರದಿತ್ತೇನೇ?"

"ಇವತ್ತು ಕೇಳ್ತಾರೆ ಬಿಡಿ. ಮುಖ ಸಪ್ಪಗೆ ಮಾಡ್ಕೋಬೇಡಿ," ಎಂದಳು.

ಸಂಜೆ ನಾಲ್ಕೂವರೆ ಆಯಿತು. ಐದಕ್ಕೆ ಬಾಗಿಲು ಹಾಕಬೇಕು. ಕೋಣೆಯಲ್ಲಿ ಹದಿನೈದು ಜನ, ಪ್ರಶ್ನೆ ಸೊನ್ನೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಏನ್ರೀ, ಇದನ್ನ ಹೇಗೆ ಬಳಸ್ತಿದ್ರು?"

ನೋಡಿದರೆ ಹೆಂಡತಿ! ಮದುವೆಮನೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು, ಇವನ ಪರಿಚಯವೇ ಇಲ್ಲ ಅನ್ನುವಂತೆ ನಿಂತಿದ್ದಾಳೆ.

ಎದ್ದ. ಗಂಟಲು ಸರಿಮಾಡಿಕೊಂಡ. "ಇದು ಹಾಲ್ಬರ್ಡ್. ಇದರ ತುದಿಗೆ... ತುದಿಗೆ..." ಇಪ್ಪತ್ತೊಂಬತ್ತು ವರ್ಷದ ಪಾಠ ಬಾಯಿಗೇ ಬರಲೊಲ್ಲದು.

"ಕೊಡಲಿ," ಎಂದು ಪಿಸುಗುಟ್ಟಿದಳು.

"ಹಾಂ, ಕೊಡಲಿ. ಆಮೇಲೆ..."

"ಮೊನೆ ರೀ, ಮೊನೆ!"

ಕೊಕ್ಕೆಯ ಹೊತ್ತಿಗೆ ಆಕೆಯ ತಾಳ್ಮೆ ಮುಗಿಯಿತು. ಕೈಚೀಲವನ್ನು ಅವನ ಕೈಗೆ ತುರುಕಿ ತಾನೇ ಶುರುಮಾಡಿದಳು. ಜನ ಬಾಯಿಬಿಟ್ಟುಕೊಂಡು ಆಲಿಸಿದರು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಒಬ್ಬರಂತೂ ಇವನನ್ನೇ ಗದರಿದರು, "ಸ್ವಲ್ಪ ಪಕ್ಕಕ್ಕೆ ಸರೀರಿ, ಮೇಡಂ ಕಾಣಿಸ್ತಿಲ್ಲ!"

ಚೀಲ ಹಿಡಿದು ಸರಿದ. ಅವಳು ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ಇವಳ ಕಿವಿಗೇ ಬೀಳುತ್ತಿಲ್ಲ ಎಂದುಕೊಂಡಿದ್ದನಲ್ಲ, ಪೆದ್ದ! ಅವನಿಗೆ ಅಳು ಬಂತು, ಹೆಮ್ಮೆಯೂ ಬಂತು. ಎಲ್ಲರ ಹಿಂದೆ ನಿಂತು ಕೈಯೆತ್ತಿದ.

"ಮೇಡಂ, ಕೊಕ್ಕೆ ಹಾಕಿ ಸವಾರನನ್ನ ಕೆಳಗೆಳೆದ ಮೇಲೆ ಏನು ಮಾಡ್ತಾರೆ?"

"ಮನೆಗೆ ಕರ್ಕೊಂಡು ಹೋಗಿ ಊಟ ಹಾಕ್ತಾರೆ," ಎಂದಳು ಆಕೆ. "ನಡೀರಿ, ಹೊತ್ತಾಯ್ತು."