ಅಲಿಯಾನಿಕೊ ದ್ರಾಕ್ಷಿಯೂ ನನ್ನ ಬಿಳಿ ಅಂಗಿಯೂ

ಒಂದು ದ್ರಾಕ್ಷಿಯ ಪರಿಚಯ ಮಾಡಿಕೊಳ್ಳುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಕತಾರಿನ ದಕ್ಷಿಣಕ್ಕಿರುವ ಅಲ್ ವುಕೈರ್‌ನ ಮನೆಯಿಂದ ಉತ್ತರದ ಅಲ್ ಖೋರ್‌ನ ಸೈಟಿಗೆ ದಿನಾ ಕಂಪೆನಿ ಬಸ್ಸಿನಲ್ಲಿ ತೂಕಡಿಸಿ ತೂಕಡಿಸಿ ನನ್ನ ಕತ್ತೇ ಒಂದು ಕಡೆಗೆ ವಾಲಿತ್ತು. ಅಷ್ಟರಲ್ಲಿ ಮನೆಗೆ ಹತ್ತಿರದ ದೋಹಾ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅಲ್ಲಿ ಯಾರನ್ನು ಕೂರಿಸುವುದೆಂದು ತೀರ್ಮಾನಿಸುವವರು ನಮ್ಮ ಮ್ಯಾನೇಜರ್ ಲೂಕಾ. ಅವರು ನನ್ನನ್ನೂ ಹೆಂಡತಿ ಶೋಭಾಳನ್ನೂ ದೊಡ್ಡ ಹೋಟೆಲೊಂದಕ್ಕೆ ಊಟಕ್ಕೆ ಕರೆದರು. ಅವರದು ದಕ್ಷಿಣ ಇಟಲಿ. ಅಲ್ಲಿನ ಅಲಿಯಾನಿಕೊ ಎಂಬ ಕಪ್ಪು ದ್ರಾಕ್ಷಿಯ ಕೆಂಪು ವೈನ್ ಎಂದರೆ ಅವರಿಗೆ ಪ್ರಾಣ. ಅದನ್ನು ನಾಲ್ಕು ಮಾತು ಹೊಗಳಿದರೆ ಕುರ್ಚಿ ನನ್ನದೇ!

ಮಜ್ಜಿಗೆಗಿಂತ ಜೋರಿನದ್ದೇನನ್ನೂ ಕುಡಿಯದ ನಾನು ವಾರವಿಡೀ ವೀಡಿಯೊ ನೋಡಿದೆ. ಜ್ವಾಲಾಮುಖಿಯ ಮಣ್ಣು, ತಡವಾಗಿ ಮಾಗುವ ಹಣ್ಣು, ನಾಲಿಗೆ ಹಿಡಿಯುವ ಒಗರು ಎಲ್ಲ ಬಾಯಿಪಾಠವಾಯಿತು. ಶೋಭಾ ಮಾಡಿದ್ದ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತನ್ನು ಲೋಟದಲ್ಲಿ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ, ಹಳೆಯ ಚರ್ಮದ ವಾಸನೆ ಇದೆ ಎಂದು ಘೋಷಿಸಿದೆ. ಅವಳಿಗೆ ಮೈಯೆಲ್ಲ ಉರಿಯಿತು.

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ ಮಾರಾಯ್ರೆ. ಅವರೆಂತ ನಿಮ್ಮನ್ನು ತಿಂತಾರಾ?"

ಆಫೀಸಿನ ರಾಜತಂತ್ರ ಇವಳಿಗೇನು ಗೊತ್ತು ಎಂದು ಲೋಟವನ್ನು ಇನ್ನೊಮ್ಮೆ ಮೂಸಿದೆ.

ಹೋಟೆಲಿನಲ್ಲಿ ಬಾಟಲಿ ಬಂದೊಡನೆ ಶುರುವಾದ ನನ್ನ ಉಪನ್ಯಾಸ ಕೇಳಿ ಲೂಕಾ ಕರಗಿಹೋದರು. ತಮ್ಮ ಅಜ್ಜನೂ ಹೀಗೇ ಹೇಳುತ್ತಿದ್ದರೆಂದು ಕಣ್ಣೊರೆಸಿಕೊಂಡರು. ನಾನು ಮನಸ್ಸಿನಲ್ಲೇ ಕುರ್ಚಿಯ ಎತ್ತರ ಸರಿಮಾಡಿಕೊಂಡೆ. ನನ್ನ ಗ್ಲಾಸಿಗೆ ಇನ್ನೂ ಸುರಿದಿರಲಿಲ್ಲ. ಪ್ರೀತಿ ಉಕ್ಕಿದ ಲೂಕಾ ತಾವು ಒಂದು ಗುಟುಕು ಕುಡಿದ ಗ್ಲಾಸನ್ನೇ ನನ್ನ ಕೈಗಿತ್ತು, ಇದನ್ನು ನೀನೂ ರುಚಿ ನೋಡು ಎಂದರು.

ಎಂಜಲು! ಯಾವ ವೀಡಿಯೊದಲ್ಲೂ ಈ ಅಧ್ಯಾಯವಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಲೋಟವನ್ನೂ ಯಾರೂ ಕಚ್ಚಿ ಕುಡಿದವರಲ್ಲ. ವೈನ್ ಕುಡಿಯಲು ಸಿದ್ಧನಾಗಿ ಬಂದಿದ್ದ ನನಗೆ ಎಂಜಲು ಕುಡಿಯಲು ಧೈರ್ಯ ಬರಲಿಲ್ಲ. ಬೇಡವೆಂದರೆ ಕುರ್ಚಿ ಹೋಗುತ್ತದೆ. ಬುದ್ಧಿ ಯೋಚಿಸುತ್ತಿರುವಾಗಲೇ ಕೈ ತನಗೆ ಗೊತ್ತಿದ್ದುದನ್ನು ಮಾಡಿತು. ಕತ್ತು ಹಿಂದಕ್ಕೆ ಚಾಚಿ, ಗ್ಲಾಸನ್ನು ಮೇಲಕ್ಕೆತ್ತಿ ಸುರಿದೆ.

ಚೊಂಬಿನಿಂದ ಎತ್ತಿ ಕುಡಿದರೆ ಗುರಿ ತಪ್ಪುವುದಿಲ್ಲ. ಆ ಗ್ಲಾಸಿನ ಬಾಯಿಯೋ, ಬಾವಿಯಷ್ಟು ಅಗಲ! ಅಲಿಯಾನಿಕೊ ಮೂಗಿಗೆ, ಕಿವಿಗೆ, ಬಿಳಿ ಅಂಗಿಗೆ, ಮೇಜಿನ ಬಟ್ಟೆಗೆ ಹೋಯಿತು. ಬಾಯೊಂದಕ್ಕೆ ಹೋಗಲಿಲ್ಲ. ನನಗೇನೋ ಆಗಿಹೋಯಿತೆಂದು ಲೂಕಾ ಬೆನ್ನಿಗೆ ಗುದ್ದಿದರು. ಕಲೆ ಹೋಗಲೆಂದು ವೇಟರ್ ಓಡಿಬಂದು, ಮೀನಿಗೆ ಹಚ್ಚುವಂತೆ ನನ್ನ ಎದೆಗೆ ಉಪ್ಪು ಹಚ್ಚಿದ. ಶೋಭಾ ನಾಚಿಕೆಯಿಂದ ಎಲ್ಲವನ್ನೂ ವಿವರಿಸಿದಳು. ಎಂಜಲಿನ ಶಾಸ್ತ್ರವನ್ನೂ ಹೇಳಿದಳು, ಇವರು ಜನ್ಮದಲ್ಲಿ ವೈನ್ ಕುಡಿದವರಲ್ಲ ಎಂಬುದನ್ನೂ ಹೇಳಿಬಿಟ್ಟಳು. ಲೂಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅನಂತರ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

ಒಂದು ಹನಿಯೂ ಗಂಟಲಿಗಿಳಿಯದ ನನಗೆ, ಟ್ಯಾಕ್ಸಿಯ ಮಲಯಾಳಿ ಡ್ರೈವರ್ ಅಂಗಿಯ ವಾಸನೆಗೆ ಕಿಟಕಿ ಇಳಿಸಿ, ಸಂಸಾರಸ್ಥರು ಇಷ್ಟೊಂದು ಕುಡಿಯಬಾರದು ಚೇಟ್ಟಾ ಎಂದು ದಾರಿಯುದ್ದಕ್ಕೂ ಬುದ್ಧಿ ಹೇಳಿದ.

ಮರುವಾರ ಕುರ್ಚಿ ನನ್ನ ಸಹೋದ್ಯೋಗಿ ದಿನೇಶನ ಪಾಲಾಯಿತು. ಅವನನ್ನೂ ಊಟಕ್ಕೆ ಕರೆದಿದ್ದರಂತೆ. ದ್ರಾಕ್ಷಿಯಲ್ಲಿ ತನಗೆ ಗೊತ್ತಿರುವುದು ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ಮಾತ್ರ ಎಂದು ಹೇಳಿ, ಅವನು ಲಿಂಬೆ ಶರಬತ್ತು ತರಿಸಿಕೊಂಡನಂತೆ.

ಅಲ್ ಖೋರ್‌ಗೆ ಹೋಗುವ ಬಸ್ಸಿನಲ್ಲಿ ಈಗ ಅಲಿಯಾನಿಕೊ ಬಗ್ಗೆ ಅಧಿಕೃತವಾಗಿ ಮಾತಾಡಬಲ್ಲವನು ನಾನೊಬ್ಬನೇ. ಅದರ ರುಚಿ ಹೇಗಿರುತ್ತದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.