ಎರಡು ಜೇಬು ಉಪ್ಪಿಟ್ಟು

ಹೆಣ್ಣು ನೋಡಲು ಹೊರಟ ಗಂಡಿಗೆ ಹೆಣ್ಣು ಹೇಗಿರುತ್ತಾಳೋ ಎಂಬ ಭಯವಿರುತ್ತದೆ. ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಯ ವಿಜಯಕುಮಾರನಿಗೆ ಇದ್ದದ್ದು ಉಪ್ಪಿಟ್ಟಿನ ಭಯ.

ಹೆಣ್ಣಿನ ಮನೆಯಲ್ಲಿ ಜಾತಕ ಕೂಡದೆ ಹೋಗಬಹುದು, ಉಪ್ಪಿಟ್ಟು ಬಾರದೆ ಹೋಗುವುದಿಲ್ಲ. ಉಪ್ಪಿಟ್ಟೆಂದರೆ ರವೆ, ರವೆಯೆಂದರೆ ಗೋಧಿ, ಗೋಧಿಯೆಂದರೆ ವಿಜಯಕುಮಾರನಿಗೆ ಮೂರು ದಿನ ಕಕ್ಕಸಿನಲ್ಲಿ ವಾಸ. ಒಣಗಿದ ನುಗ್ಗೆಕಾಯಿಯ ಹಾಗಾಗಿದ್ದ ಅವನನ್ನು ಮೂರು ವರ್ಷದ ಹಿಂದೆ ಬೆಂಗಳೂರಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು ಹೇಳಿದ್ದರು. ಗೋಧಿ, ರವೆ, ಮೈದಾ, ಬಿಸ್ಕತ್ತು, ಬ್ರೆಡ್ಡು, ಕೊನೆಗೆ ಹಿಟ್ಟು ಬೆರೆಸಿದ ಇಂಗನ್ನು ಕೂಡ ಬದುಕಿರುವ ತನಕ ಮುಟ್ಟಬೇಡ ಎಂದು ಚೀಟಿ ಬರೆದುಕೊಟ್ಟಿದ್ದರು.

ಆ ಚೀಟಿಯನ್ನು ಅವನ ತಾಯಿ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಒಂದು ವರ್ಷ ಅದನ್ನು ನೋಡಿಕೊಂಡು ಅಡುಗೆ ಮಾಡಿದರು. ಆಮೇಲೆ ಅವರೂ ಹೋದರು. ಚೀಟಿ ಉಳಿಯಿತು.

ಈಗ ಅವನೇ ಮುದ್ದೆ ತಿರುವುತ್ತಿದ್ದ. ಒಬ್ಬರಿಗೆಂದು ಮುದ್ದೆ ಮಾಡಲು ಬರುವುದಿಲ್ಲ. ಪಾತ್ರೆಯಲ್ಲಿ ಕೋಲಾಡಬೇಕಾದರೆ ಎರಡು ಮುದ್ದೆಯ ಹಿಟ್ಟಾದರೂ ಬೇಕು. ಎರಡನೆಯದು ದಿನವೂ ಪಕ್ಕದ ಮನೆ ಮಾರಿಯಮ್ಮನ ಕೋಳಿಗಳಿಗೆ ಹೋಗುತ್ತಿತ್ತು. ಗೃಹಪ್ರವೇಶ, ನಾಮಕರಣಗಳಲ್ಲಿ ಜನ ‘ಪಾಪ, ಏನೂ ತಿನ್ನಲ್ಲ’ ಎಂದು ಮೊದಲು ಅವನಿಗೆ ಬಡಿಸುವುದನ್ನು ಬಿಟ್ಟರು, ಆಮೇಲೆ ಕರೆಯುವುದನ್ನೂ ಬಿಟ್ಟರು. ಬೇತಮಂಗಲದ ಹಾಲಿನ ಡೇರಿಯಲ್ಲಿ ಅವನಿಗೆ ಕೆಲಸ. ಅಲ್ಲೂ ಮಧ್ಯಾಹ್ನ ಡಬ್ಬಿ ಹಿಡಿದು ಕ್ಯಾನುಗಳ ಹಿಂದೆ ಹೋಗಿ ಕೂರುತ್ತಿದ್ದ.

ಮೂವತ್ತಮೂರು ತುಂಬಿತ್ತು. ನಾಲ್ಕು ಸಂಬಂಧ ಬಂದಿದ್ದವು. ನಾಲ್ಕೂ ‘ಕಾಯಿಲೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಬಂದ ಬಸ್ಸಿನಲ್ಲೇ ಹಿಂದಕ್ಕೆ ಹೋಗಿದ್ದವು. ಐದನೆಯದು ಬಂಗಾರಪೇಟೆಯ ಕೋದಂಡಪ್ಪನವರ ಮಗಳು ಕಲ್ಪನ. ಪ್ರೈವೇಟ್ ಶಾಲೆಯಲ್ಲಿ ಟೀಚರು.

ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಶರಟು ತೊಟ್ಟು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಮಾರಿಯಮ್ಮ ಅಡ್ಡ ಬಂದು ತನ್ನ ತಮಿಳುಗನ್ನಡದಲ್ಲಿ ಕೇಳಿದಳು.

“ಕಣ್ಣು, ಉಪ್ಮಾ ಕೊಟ್ರೆ ಏನ್ ಮಾಡ್ತೀಯ?”

“ಬೇಡ ಅಂತೀನಿ ಅಕ್ಕಾ.”

“ಅಯ್ಯೋ ಕಡವುಳೇ! ಪೊಣ್ಣು ಮನೇಲಿ ಬೇಡ ಅಂದ್ರೆ ಪೊಣ್ಣೇ ಬೇಡ ಅಂದಂಗೆ. ಇಂದಾ, ಇದು ಇಟ್ಕೋ.” ಮಾರಿಯಮ್ಮ ಸೆರಗಿನ ಗಂಟಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. “ಯಾರೂ ನೋಡ್ದಾಗ ಇದ್ರೊಳಗೆ ಆಕು. ಜೋಬಲ್ಲಿ ಇಟ್ಕೊಂಡು ಬಾ. ನಮ್ ಕೋಳಿ ತಿಂತವೆ.”

ಅವನು ಕವರನ್ನು ಪ್ಯಾಂಟಿನ ಬಲಜೇಬಿಗೆ ತುರುಕಿಕೊಂಡು ಸ್ಟೇಷನ್ನಿಗೆ ನಡೆದ.

ಊರಿಗಾಂ ಸ್ಟೇಷನ್ನಿನಲ್ಲಿ ಹತ್ತಿದ್ದ ಸೋದರಮಾವ ಬಚ್ಚಪ್ಪ ರೈಲಿನಲ್ಲಿ ಜೊತೆಯಾದರು. ಬಚ್ಚಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಇಡೀ ಬೋಗಿಗೆ ಕೇಳುವಂತೆ ಗುಟ್ಟು ಹೇಳುವುದು ಅವರ ಅಭ್ಯಾಸ.

“ಲೇ ವಿಜಿ, ಗೋಧಿ ಕಾಯಿಲೆ ವಿಚಾರ ಅಲ್ಲಿ ಬಾಯಿ ಬಿಟ್ಟೀಯ ಮತ್ತೆ! ಮಾತೆಲ್ಲ ನಂದು. ನೀನು ತಲೆ ಆಡ್ಸು, ಸಾಕು.”

“ಮದುವೆ ಆದ್ಮೇಲೆ ಗೊತ್ತಾಗಲ್ವಾ ಮಾವ?”

“ಮದುವೆ ಆದ್ಮೇಲೆ ಎಷ್ಟೋ ಗೊತ್ತಾಯ್ತದೆ. ನಿಮ್ಮತ್ತೆ ಗೊರಕೆ ನಂಗೆ ಯಾರಾನಾ ಮೊದ್ಲೇ ಏಳಿದ್ರಾ?”

ಎದುರು ಸೀಟಿನ ಮುದುಕರು ಸಹಾನುಭೂತಿಯಿಂದ ತಲೆಯಾಡಿಸಿದರು.

ಕೋದಂಡಪ್ಪನವರ ಮನೆ ಊರಂಚಿನಲ್ಲಿತ್ತು. ಹಿಂದೆ ಹಸುವಿನ ಕೊಟ್ಟಿಗೆ, ಮುಂದೆ ಜಗಲಿ, ಜಗಲಿಯ ಮೇಲೆ ಅಜ್ಜಿ ಮುತ್ಯಾಲಮ್ಮ. ಅಜ್ಜಿ ಗಂಡನ್ನು ಸಂತೆಗೆ ಬಂದ ಹೋರಿಯಂತೆ ಮೇಲಿಂದ ಕೆಳಗೆ ನೋಡಿ, “ಏಮಿ ನಾಯ್ನಾ, ಇಂಗೆ ಒಣಗಿದ್ದೀಯ? ಮನೇಲಿ ಅನ್ನ ಇಕ್ಕೋರಿಲ್ವಾ?” ಎಂದರು.

ಇರಲಿಲ್ಲ. ಅವನು ಮಾವ ಹೇಳಿದಂತೆ ತಲೆಯಾಡಿಸಿದ.

ತಟ್ಟೆಗಳನ್ನು ಹುಡುಗಿಯೇ ತಂದಳು. ಅರಿಶಿನದ ಬಣ್ಣದ ಉಪ್ಪಿಟ್ಟಿನ ಗುಡ್ಡ, ಮೇಲೆ ಕಾಯಿತುರಿ, ಪಕ್ಕದಲ್ಲಿ ಎರಡು ತುಂಡು ಮೈಸೂರುಪಾಕು. ಅವಳ ಮುಖ ನೋಡಬೇಕಿದ್ದ ವಿಜಯಕುಮಾರ ಬೆದರಿ ಉಪ್ಪಿಟ್ಟನ್ನು ನೋಡಿದ. ಅದೂ ಅವನನ್ನೇ ನೋಡುತ್ತಿದ್ದಂತಿತ್ತು.

“ತಗೊಳ್ಳಿ. ನಮ್ಮ ಹುಡುಗೀನೇ ಮಾಡಿರೋದು, ನಮ್ಮನೇಲಿ ಇದೇ ವಿಶೇಷ,” ಎಂದರು ಕೋದಂಡಪ್ಪ.

“ನಾನು… ಇವತ್ತು ಒಪ್ಪತ್ತು,” ಎಂದ ವಿಜಯಕುಮಾರ.

“ಭಾನುವಾರ ಯಾವ ದೇವ್ರಿಗೆ ನಾಯ್ನಾ ಒಪ್ಪತ್ತು?” ಎಂದರು ಅಜ್ಜಿ.

ಯಾವ ದೇವರೂ ನೆನಪಿಗೆ ಬರಲಿಲ್ಲ. ಬಚ್ಚಪ್ಪ ಒಡನೆ ಬಾಯಿ ಹಾಕಿದರು. “ಅಯ್ಯೋ ಅಮ್ಮಾ, ಅವನಿಗೆ ನಾಚ್ಕೆ. ಮನೇಲಿ ನೋಡಿ ನೀವು! ಬೆಳಿಗ್ಗೆ ಆರು ಚಪಾತಿ, ರಾತ್ರಿ ಆರು ಚಪಾತಿ. ಗೋಧಿ ಅಂದ್ರೆ ಪ್ರಾಣ ಬಿಡ್ತಾನೆ!”

ಕೊನೆಯ ಮಾತೊಂದು ನಿಜವಾಗಿತ್ತು.

ಬಾಗಿಲ ಬಳಿ ನಿಂತಿದ್ದ ಕಲ್ಪನ ಆಗ ತಲೆಯೆತ್ತಿ ಅವನನ್ನು ನೋಡಿದಳು. ಬಸ್ಸು ತಪ್ಪಿಹೋದವರು ರಸ್ತೆಯನ್ನು ನೋಡುವ ಹಾಗಿತ್ತು ಆ ನೋಟ. ಅವನಿಗೆ ಅರ್ಥವಾಗಲಿಲ್ಲ. ಅವಳು ಒಳಗೆ ಹೋದಳು.

ಬೆಳಿಗ್ಗೆಯಿಂದ ಖಾಲಿಯಿದ್ದ ಅವನ ಹೊಟ್ಟೆ ಕೂಗುತ್ತಿತ್ತು. ಮೈಸೂರುಪಾಕು ಎಂದರೆ ಕಡ್ಲೆಹಿಟ್ಟು, ಸಕ್ಕರೆ, ತುಪ್ಪ. ಚೀಟಿಯಲ್ಲಿ ಇವು ಯಾವುವೂ ಇರಲಿಲ್ಲ. ಎರಡನ್ನೂ ತಿಂದ. ಅಜ್ಜಿ ಇನ್ನೆರಡು ಹಾಕಿದರು. ಅವನ್ನೂ ತಿಂದ.

ಅಷ್ಟರಲ್ಲಿ ಕೋದಂಡಪ್ಪ ಗೋಡೆಯ ಮೇಲಿನ ತಮ್ಮ ತಂದೆಯ ಫೋಟೋ ತೋರಿಸಿ, ಅವರು ಗಣಿಯೊಳಗೆ ಇಳಿಯುತ್ತಿದ್ದ ಕಾಲದ ಕತೆ ತೆಗೆದರು. ಎಲ್ಲರ ತಲೆಯೂ ಫೋಟೋದ ಕಡೆ ತಿರುಗಿತು. ಅಜ್ಜ ಕತ್ತಲಲ್ಲಿ ಸಾವಿರಾರು ಅಡಿ ಇಳಿಯುವಷ್ಟರಲ್ಲಿ ಉಪ್ಪಿಟ್ಟು ಮೂರೇ ಹಿಡಿಯಲ್ಲಿ ಬಲಜೇಬಿನ ಕವರಿಗೆ ಇಳಿಯಿತು. ತೊಡೆ ಸುಟ್ಟಿತು. ವಿಜಯಕುಮಾರ ಹಲ್ಲು ಕಚ್ಚಿ ಫೋಟೋ ನೋಡಿದ.

“ಅಬ್ಬಾ, ಇಷ್ಟು ಬೇಗ!” ಒಳಗಿನಿಂದ ಬಂದ ಕಲ್ಪನಳ ತಾಯಿ ಖಾಲಿ ತಟ್ಟೆ ನೋಡಿ ಹಿಗ್ಗಿದರು. “ಇಷ್ಟ ಆಯ್ತು ಅನ್ಸುತ್ತೆ!” ಇನ್ನೊಂದು ಗುಡ್ಡ ಬಂದು ಕೂತಿತು.

ಈ ಸಲ ಕವರಿರಲಿಲ್ಲ. ಕೋದಂಡಪ್ಪನವರ ತಂದೆ ಮತ್ತೊಮ್ಮೆ ಗಣಿಯೊಳಗೆ ಇಳಿಯಬೇಕಾಯಿತು, “ಆಮೇಲೇನಾಯ್ತು ಸಾರ್?” ಎಂದು ವಿಜಯಕುಮಾರನೇ ಇಳಿಸಿದ. ಎರಡನೆಯ ಗುಡ್ಡ ಕರವಸ್ತ್ರದಲ್ಲಿ ಸುತ್ತಿಕೊಂಡು ಎಡಜೇಬು ಸೇರಿತು. ಎರಡು ತೊಡೆಯ ಮೇಲೂ ಎಣ್ಣೆಯ ಕಲೆ ಸಮನಾಗಿ ಹರಡತೊಡಗಿತು.

“ಹುಡುಗ ಹುಡುಗಿ ಒಂದೆರಡು ಮಾತಾಡ್ಲಿ,” ಎಂದರು ಕೋದಂಡಪ್ಪ.

ಕೊಟ್ಟಿಗೆಯ ಬಳಿ ಕಲ್ಪನ ನಿಂತಿದ್ದಳು. ಕಾಲುಗಳನ್ನು ಅಗಲಿಸಿಕೊಂಡು ನಡೆದು ಬಂದ ವಿಜಯಕುಮಾರ ಕರು ಕಟ್ಟಿದ್ದ ಗೂಟದ ಪಕ್ಕ ನಿಂತ. ಅವಳ ಮುಖವನ್ನು ಈಗ ಮೊದಲ ಸಲ ನೋಡಿದ. ಯಾರಾದರೂ ಕೇಳಿದರೆ ಹೇಳೋಣ ಎಂದು ಏನನ್ನೋ ಬಹಳ ಕಾಲ ಇಟ್ಟುಕೊಂಡವರ ಮುಖ. ಅವನ ಮನೆಯ ಕನ್ನಡಿಯಲ್ಲೂ ಅಂಥದೊಂದು ಮುಖವಿತ್ತು.

“ಉಪ್ಪಿಟ್ಟು ಹೇಗಿತ್ತು?” ಎಂದಳು.

“ಚೆನ್ನಾಗಿತ್ತು.”

“ಏನಾದ್ರೂ ಬೇರೆ ಥರ ಅನ್ನಿಸ್ತಾ?”

ಉಪ್ಪು ಜಾಸ್ತಿಯಾಗಿರಬಹುದು, ಅದಕ್ಕೇ ಹೆದರಿದ್ದಾಳೆ ಎಂದುಕೊಂಡ. ಸಮಾಧಾನ ಮಾಡಬೇಕೆನ್ನಿಸಿತು.

“ಇಲ್ಲ ಇಲ್ಲ, ಮಾಮೂಲಿ ರವೆ ಉಪ್ಪಿಟ್ಟಿನ ಥರಾನೇ ಇತ್ತು.”

ಅವಳು ಕರುವಿನ ಹಣೆ ಸವರಿದಳು. “ಆರು ಚಪಾತಿ ನಿಜಾನಾ?”

ಹೇಳಿಬಿಡಬೇಕು ಎನ್ನಿಸಿತು. ನನಗೆ ಗೋಧಿ ಆಗುವುದಿಲ್ಲ ಎಂದು ಈ ಕೊಟ್ಟಿಗೆಯಲ್ಲಿ, ಈ ಒಬ್ಬಳಿಗೆ ಹೇಳಿಬಿಟ್ಟರೆ ಏನಾಗುತ್ತದೆ? ಬಾಯಿ ತೆರೆದ. ಕಿಟಕಿಯಲ್ಲಿ ಬಚ್ಚಪ್ಪನ ಮುಖ ಕಂಡಿತು. ಅದು ತಲೆ ಆಡಿಸು ಎನ್ನುತ್ತಿತ್ತು.

“ದಿನಾ ಆರಲ್ಲ,” ಎಂದ. “ಕೆಲವು ಸಲ ನಾಲ್ಕು.”

ಇಷ್ಟರಲ್ಲಿ ಕರು ಅವನ ಎಡಜೇಬನ್ನು ಪತ್ತೆಹಚ್ಚಿತ್ತು. ಹೊರಗೆ ಇಣುಕಿದ್ದ ಕರವಸ್ತ್ರದ ತುದಿ ಕಚ್ಚಿ ಎಳೆಯಿತು. ಅವನು “ಏಯ್, ಬಿಡು!” ಎಂದು ಹಿಂದಕ್ಕೆ ಜಗ್ಗಿದ. ಗಂಟು ಬಿಚ್ಚಿ, ಹಳದಿ ಉಪ್ಪಿಟ್ಟು ಕಾಯಿತುರಿಯ ಸಮೇತ ಕಲ್ಪನಳ ಪಾದದ ಮುಂದೆ ಹರಡಿಕೊಂಡಿತು.

ಕರು ನಾಲಗೆ ಚಾಚಿ ಅದನ್ನು ನೆಕ್ಕತೊಡಗಿತು.

“ಇರಲಿ ಬಿಡಿ,” ಎಂದಳು ಕಲ್ಪನ. “ಅದಾದ್ರೂ ತಿನ್ನಲಿ.” ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಸಂಜೆ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಮಾವ ಅಳಿಯ ಕೂತಿದ್ದಾಗ ಬಚ್ಚಪ್ಪನ ಫೋನು ಹೊಡೆದುಕೊಂಡಿತು. ಕೋದಂಡಪ್ಪ. ಬಚ್ಚಪ್ಪ ಸ್ಪೀಕರು ಹಾಕಿದರು. ಅವರಿಗೆ ಫೋನಿನಲ್ಲೂ ಗುಟ್ಟೆಂಬುದಿರಲಿಲ್ಲ.

“ಬಚ್ಚಪ್ಪನೋರೇ, ಈ ಸಂಬಂಧ ಆಗಲ್ಲ. ತಪ್ಪು ತಿಳ್ಕೋಬೇಡಿ. ನಮ್ಮ ಹುಡುಗಿ ಗೋಧಿ ಮುಟ್ಟೋ ಹಾಗಿಲ್ಲ. ಅದೇನೋ ಸೀಲಿಯಾಕ್ ಅಂತೆ. ನಾಲ್ಕು ವರ್ಷ ಆಯ್ತು.”

ಪ್ಲಾಟ್‌ಫಾರಮ್ಮಿನಲ್ಲಿ ಒಂದು ಗೂಡ್ಸು ಗಾಡಿ ಹಾದುಹೋಗುತ್ತಿತ್ತು. ವಿಜಯಕುಮಾರ ಬಗ್ಗಿ ಫೋನಿಗೆ ಕಿವಿಗೊಟ್ಟ.

“ಮೊದ್ಲೇ ಹೇಳಿದ್ರೆ ಯಾರೂ ಮನೆ ಬಾಗ್ಲಿಗೇ ಬರಲ್ಲ,” ಎನ್ನುತ್ತಿದ್ದರು ಕೋದಂಡಪ್ಪ. “ಅದಕ್ಕೇ ಅವಳು ಅಕ್ಕಿ ತರಿಯಲ್ಲಿ ಉಪ್ಪಿಟ್ಟು ಮಾಡಿದ್ದು. ತಿಂದೋರು ಇದೇನು ಬೇರೆ ಥರ ಇದೆ ಅಂತ ಕೇಳಿದ್ರೆ, ಆಗ ಹೇಳ್ತೀನಿ ಅಂತಿದ್ಲು. ನಿಮ್ಮುಡುಗ ಮಾಮೂಲಿ ರವೆ ಥರ ಇದೆ ಅಂದು ಕರುಗೆ ಹಾಕ್ದ. ದಿನಕ್ಕೆ ಹನ್ನೆರಡು ಚಪಾತಿ ತಿನ್ನೋ ಮನೇಗೆ ಹೆಂಗೆ ಕೊಡೋದು ಹೇಳಿ?”

“ಅಯ್ಯೋ ಸ್ವಾಮಿ!” ಬಚ್ಚಪ್ಪ ಬೆಂಚಿನಿಂದ ಎದ್ದೇಬಿಟ್ಟರು. “ನಮ್ಮುಡ್ಗಂಗೂ ಅದೇ ಕಾಯಿಲೆ! ಗೋಧಿ ಕಂಡ್ರೆ ಆಗಲ್ಲ!”

“ಬೆಳಿಗ್ಗೆ ಪ್ರಾಣ ಬಿಡ್ತಾನೆ ಅಂದ್ರಿ.”

“ಅದು ಬೇರೆ ಅರ್ಥದಾಗೆ…”

ವಿಜಯಕುಮಾರ ಫೋನು ಕಿತ್ತುಕೊಂಡ. “ಸಾರ್, ನಿಜ ಸಾರ್. ಮೂರು ವರ್ಷ ಆಯ್ತು. ಗೋಡೆ ಮೇಲೆ ಚೀಟಿ ಇದೆ ಸಾರ್. ಅವರ ಜೊತೆ ಒಂದು ನಿಮಿಷ ಮಾತಾಡ್ತೀನಿ.”

“ನೋಡಪ್ಪ,” ಎಂದರು ಕೋದಂಡಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ನಿನ್ನ ಮಾತು ನಿಜ ಅಂತ ನಂಬಿ ನಾನೂ ಖುಷಿ ಪಡ್ತಿದ್ದೆ. ಆದ್ರೆ ನಮ್ಮನೇಲಿ ಇವತ್ತು ಇದ್ದದ್ದು ಒಂದೇ ಗೋಧಿ ಸಾಮಾನು. ಆ ಬೇಕರಿ ಮೈಸೂರುಪಾಕು. ಮೈದಾ ಬೆರೆಸಿರ್ತಾರೆ ಅಂತ ನನ್ನ ಮಗಳು ಅದನ್ನ ಕೈಲಿ ಕೂಡ ಮುಟ್ಟಲ್ಲ. ನೀನು ಅದನ್ನ ಮಾತ್ರ ನಾಲ್ಕು ತಿಂದೆ.”

ಫೋನು ಕಟ್ಟಾಯಿತು. ಅವನು ತಿರುಗಿ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಸ್ವಿಚ್ ಆಫ್ ಆಗಿತ್ತು.

ಅದೇ ಹೊತ್ತಿಗೆ ಅವನ ಹೊಟ್ಟೆಯೊಳಗೆ ಬೇಕರಿಯವನ ಮೈದಾ ತಾನು ಬಂದಿರುವುದನ್ನು ತಿಳಿಸಿತು. ಮೂರು ದಿನಕ್ಕೆ ಸಾಕಾಗುವ ಹಾಗೆ, ನಿಧಾನವಾಗಿ, ಗುಡುಗುಡು ಎಂದಿತು.

“ಲೇ, ಇಂಗಾಯ್ತಲ್ಲಲಾ,” ಎಂದರು ಬಚ್ಚಪ್ಪ. ಮೊದಲ ಸಲ ಅವರ ಮಾತು ಪಕ್ಕದವರಿಗೂ ಕೇಳಿಸಲಿಲ್ಲ. “ನಾನೇ ಕೆಡಿಸ್ಬಿಟ್ನಾ?”

ವಿಜಯಕುಮಾರ ಬಲಜೇಬಿಗೆ ಕೈಹಾಕಿದ. ಮಾರಿಯಮ್ಮನ ಕವರು ಮೈಯ ಕಾವಿಗೆ ಇನ್ನೂ ಬೆಚ್ಚಗಿತ್ತು. ಬಿಚ್ಚಿ ನೋಡಿದ. ಬೆಳಿಗ್ಗೆ ಹೆದರಿ ಸರಿಯಾಗಿ ನೋಡದ ಉಪ್ಪಿಟ್ಟು. ಅಕ್ಕಿಯ ತರಿ ಅಕ್ಕಿಯಂತೆಯೇ ಕಾಣುತ್ತಿತ್ತು. ಸಣ್ಣಗೆ ಹೆಚ್ಚಿದ ಶುಂಠಿ, ಕರಿಬೇವು, ನಡುನಡುವೆ ಹಸಿ ಅವರೆಕಾಳು. ಇಂಗಿನ ವಾಸನೆ ಇರಲಿಲ್ಲ.

ಒಂದು ತುತ್ತು ಬಾಯಿಗಿಟ್ಟ. ಉಪ್ಪು ಸರಿಯಾಗಿತ್ತು.

ಎರಡು ವರ್ಷದಿಂದ ಇನ್ನೊಬ್ಬರು ಅವನಿಗೆಂದು ಮಾಡಿದ್ದನ್ನು ಅವನು ತಿಂದಿರಲಿಲ್ಲ. ಅವರ ಊರ ಕಡೆ ಹೋಗುವ ಮಾರಿಕುಪ್ಪಂ ಗಾಡಿ ಬಂದು ನಿಂತಿತು. ಬಚ್ಚಪ್ಪ ಹತ್ತಿ ಬಾಗಿಲಲ್ಲಿ ನಿಂತು, “ಬಾರ್ಲಾ, ಗಾಡಿ ಬಿಡ್ತದೆ!” ಎಂದು ಕೂಗಿದರು. ಅವನು ಕವರನ್ನು ಎದೆಗವಚಿಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತು ತಿನ್ನುತ್ತಲೇ ಹೋದ. ಇಬ್ಬರಿಗಾಗುವಷ್ಟಿತ್ತು. ಕೋಳಿಗಳಿಗೆ ಉಳಿಸಲಿಲ್ಲ.